ಗದ್ದೆಯ ಕಪ್ಪೆ, ಇನ್ಸುಲಿನ್ ಕೋಶ

ನಮಸ್ಕಾರ. ಪೆರ್ಲ, ಬದಿಯಡ್ಕ, ಕುಂಬಳೆ ಕಡೆ ಅಡಿಕೆ ಸುಲೀತಾ ರೇಡಿಯೋ ಇಟ್ಕೊಂಡವರಿಗೆ ನಾನು ಹೇಳ್ಲಿಕ್ಕೆ ಬಂದದ್ದು ಒಂದೇ ಮಾತು, ಮೈಯೊಳಗಿನ ಜೀವಕೋಶವನ್ನ ಅದರ ನೆರೆಕರೆಯಿಂದ ಕಿತ್ತು ತಂದ್ರೆ ಅದು ಸರಿ ಮಾತಾಡೋದಿಲ್ಲ.

ಸಕ್ಕರೆ ಕಾಯಿಲೆಗೆ ಗ್ಲಿಮಿಪಿರೈಡ್ ತಗೊಳ್ಳೋರು ಸುಮಾರು ಜನ ಇದ್ದೀರಿ ಅಲ್ವಾ, ಆ ಮಾತ್ರೆ ಮಾಡೋದು ಕರೆಂಟಿನ ಕೆಲಸ ಮಾರಾಯ್ರೆ. ಮೇದೋಜೀರಕದಲ್ಲಿ ಇನ್ಸುಲಿನ್ ಮಾಡುವ ಬೀಟಾ ಕೋಶದಲ್ಲಿ ಪೊಟ್ಯಾಸಿಯಂ ಹೊರಗೆ ಹೋಗುವ ಬಾಗಿಲುಂಟು, ಉಂಡು ಸಕ್ಕರೆ ಏರಿದಾಗ ಅದು ಮುಚ್ತದೆ, ವೋಲ್ಟೇಜು ಬದಲಾಗ್ತದೆ, ಕ್ಯಾಲ್ಸಿಯಂ ಒಳಗೆ ನುಗ್ತದೆ, ಇನ್ಸುಲಿನ್ ಹೊರಗೆ ಬೀಳ್ತದೆ. ಮಾತ್ರೆ ಮುಚ್ಚೋದೂ ಅದೇ ಬಾಗಿಲನ್ನ.

ಈ ಕರೆಂಟು ಅಳೆಯುವ ದಾರಿ ನೇಹರ್, ಸಾಕ್ಮನ್ ಅಂತ ಜರ್ಮನಿಯ ಇಬ್ಬರು ವಿಜ್ಞಾನಿಗಳದ್ದು, 1976ರದ್ದು, 1991ರಲ್ಲಿ ನೊಬೆಲ್ ಬಂತು. ಮೈಕ್ರಾನ್ ಆಸುಪಾಸಿನ ತುದಿಯ ಗಾಜಿನ ಪಿಪೆಟ್ಟು, ಅಂದ್ರೆ ಸಣ್ಣ ಕೊಳವೆ, ಕೋಶಕ್ಕೆ ಮುಟ್ಟಿಸಿ ಬಾಯಲ್ಲಿ ಮೆಲ್ಲ ಎಳೆದ್ರೆ, ಹೌದು ಬಾಯಲ್ಲೇ, ಅಂಟಿಕೊಳ್ತದೆ. ಮೊದಲೆಲ್ಲ ಕೋಶಗಳನ್ನ ಬಿಡಿಬಿಡಿ ಮಾಡಿ ಅಳೆಯೋದೇ ಜಾಸ್ತಿ. 2003ರಲ್ಲಿ ಇಲಿಯ ಮೇದೋಜೀರಕವನ್ನೇ ಹೋಳು ಮಾಡಿ, ಹೋಳನ್ನ ಜೀವಂತ ಇಟ್ಟು ಅಳೆಯೋದು ಬಂತು. ಮೆತ್ತನೆಯ ಅಂಗ, ಹಾಗೇ ಕೊಯ್ದರೆ ಮುದ್ದೆ ಆಗ್ತದೆ, ಅದಕ್ಕೆ ಚೈನಾಗ್ರಾಸಿನ ಜಾತಿಯ ಅಗರೋಸ್ ಕರಗಿಸಿ ಪಿತ್ತನಾಳದಿಂದ ತುಂಬಿಸಿ, ತಣಿದು ಗಟ್ಟಿಯಾದ ಮೇಲೆ ಅದುರುವ ಬ್ಲೇಡಲ್ಲಿ ಕೊಯ್ಯೋದು, ದಪ್ಪ ಒಂದು ಮಿಲಿಮೀಟರಿನ ಏಳನೇ ಒಂದು ಪಾಲು.

ನಾನು ಕಲೀತಿದ್ದಾಗಿನ ಒಂದು ರಾತ್ರಿಯ ಕತೆ ಹೇಳ್ಲೇಬೇಕು. ಬೆಳಗ್ಗಿಂದ ಹನ್ನೊಂದು ಪಿಪೆಟ್ಟು ಹಾಳಾಗಿತ್ತು, ಹನ್ನೆರಡನೇದು ಹೋಳಿನ ಒಂದು ಬೀಟಾ ಕೋಶಕ್ಕೆ ಅಂಟಿತು. ನೂರು ಎಂಎಲ್‌ಗೆ 54 ಮಿಲಿಗ್ರಾಂ ಗ್ಲುಕೋಸ್ ಇದ್ದಾಗ ಕೋಶ ಸುಮ್ಮನೆ, ಸ್ಕ್ರೀನಲ್ಲಿ ನೆಟ್ಟಗಿನ ಗೆರೆ. 180ಕ್ಕೆ ಏರಿಸಿದೆ. ಒಂದು ನಿಮಿಷ ಎಂತದ್ದೂ ಇಲ್ಲ, ಎರಡು ನಿಮಿಷ ಇಲ್ಲ, ಇವತ್ತೂ ಹೋಯ್ತು ಅಂತ ಏಳ್ಲಿಕ್ಕೆ ಹೊರಟವ ನಾನು, ಗೆರೆ ಮೆಲ್ಲ ಮೇಲೆ ಬಂತು ನೋಡಿ, ಟಕ್ ಟಕ್ ಟಕ್ ಟಕ್, ಸ್ಪೀಕರಿಗೆ ಹಾಕಿದ್ದೆ, ಮೊದಲ ಮಳೆಗೆ ಗದ್ದೆಯಲ್ಲಿ ಕಪ್ಪೆ ಕೂಗಿದ ಹಾಗೆ, ಕೂಗ್ತದೆ, ನಿಲ್ತದೆ, ಪುನಃ ಕೂಗ್ತದೆ. ಕೂತಲ್ಲೇ ಮೈ ಜುಂ ಅಂತು. ಅಷ್ಟರಲ್ಲಿ ಚಾಕ್ಕೆ ಕರೀಲಿಕ್ಕೆ ಬಂದ ಗೆಳೆಯ ಬಾಗಿಲು ಢಬ್ ಅಂತ ಬಿಟ್ಟ, ಪಿಪೆಟ್ಟು ಕಿತ್ತು ಬಂತು. ಚಾ ಕುಡಿದೆ, ಇನ್ನೆಂತ ಮಾಡೋದು.

ಆ ಕಪ್ಪೆಯನ್ನ ಬಾಟ್ಲಿಗೆ ಹಾಕಿ ತಂದ್ರೆ ಹಾಗೆ ಕೂಗ್ತದಾ? ಬೀಟಾ ಕೋಶಗಳ ನಡುವೆ ಕಿಂಡಿಗಳುಂಟು, ಕರೆಂಟು ದಾಟಿ ಒಂದಕ್ಕೊಂದು ದನಿ ಕೂಡಿಸ್ತವೆ, ಬಿಡಿ ಮಾಡಿದ್ರೆ ಒಂದೊಂದು ಒಂದೊಂದು ತರ. ಅದಕ್ಕೇ ನೆರೆಕರೆ ಬೇಕು ಅಂತ ನಾನು ಬಡ್ಕೊಳ್ಳೋದು.

ಅಡ್ರಿನಲ್, ಪಿಟ್ಯುಟರಿ ಗ್ರಂಥಿಗಳ ಹೋಳಿನ ವಿಷಯ ಬಾಕಿಯಾಯ್ತು, ಗಾಜಿನಾಚೆಯಿಂದ ಕೈ ತೋರಿಸ್ತಿದ್ದಾರೆ. ಮಾತ್ರೆ ನುಂಗಿ ಊಟ ಮಾತ್ರ ಬಿಡ್ಬೇಡಿ, ಸಕ್ಕರೆ ಇಳಿದ್ರೂ ಮಾತ್ರೆ ಆ ಬಾಗಿಲನ್ನ ತೆರೀಲಿಕ್ಕೆ ಬಿಡೋದಿಲ್ಲ, ಇನ್ಸುಲಿನ್ ಬೀಳ್ತಾನೇ ಇರ್ತದೆ. ನಮಸ್ಕಾರ.