ದಳಕ್ಕೆ ಬೇಕಾದ ನಾಯಕರು

ಕೇಳುಗರೇ, ನಮಸ್ಕಾರ. ಜಾತ್ಯತೀತ ಜನತಾದಳಕ್ಕೆ ಹೊಸ ನಾಯಕ ಬೇಕೇ ಅನ್ನುವುದು ಇವತ್ತಿನ ವಿಷಯ. ಬೇಕು. ಆದರೆ ಒಬ್ಬರಲ್ಲ, ಜಿಲ್ಲೆಗೊಬ್ಬರು.

1994ರಲ್ಲಿ ಆಗಿನ ಜನತಾದಳ ವಿಧಾನಸಭೆಯಲ್ಲಿ 115 ಸ್ಥಾನ ಗೆದ್ದಿತು. ದೇವೇಗೌಡರು ಮುಂದಿದ್ದರು, ನಿಜ. ಜೊತೆಗೆ ಯಾರಿದ್ದರು ನೋಡಿ: ಚನ್ನಗಿರಿಯ ಜೆ.ಎಚ್. ಪಟೇಲರು, ಹಡಗಲಿಯ ಎಂ.ಪಿ. ಪ್ರಕಾಶ್, ಮೈಸೂರಿನ ಸಿದ್ದರಾಮಯ್ಯ. ಒಬ್ಬೊಬ್ಬರಿಗೂ ಸ್ವಂತ ನೆಲೆ, ಸ್ವಂತ ಜನ.

ಈಗ ನನಗೆ ಬಹಳ ಇಷ್ಟವಾದ ಚುನಾವಣೆಯೊಂದರ ಕಥೆ. 2005ರಲ್ಲಿ ಸಿದ್ದರಾಮಯ್ಯನವರನ್ನು ಪಕ್ಷದಿಂದ ಹೊರಹಾಕಿದರು. ಅಹಿಂದ, ಅಂದರೆ ಅಲ್ಪಸಂಖ್ಯಾತ, ಹಿಂದುಳಿದ, ದಲಿತರ ಸಮಾವೇಶ ಮಾಡಿಕೊಂಡು ಊರೂರು ಸುತ್ತುತ್ತಿದ್ದರು ಅನ್ನುವುದೇ ಸಿಟ್ಟು. ಅವರು ಕಾಂಗ್ರೆಸ್ ಸೇರಿ, 2006ರ ಡಿಸೆಂಬರ್‌ನಲ್ಲಿ ಚಾಮುಂಡೇಶ್ವರಿ ಉಪಚುನಾವಣೆಗೆ ನಿಂತರು. ಎದುರಿಗೆ ದಳದ ಶಿವಬಸಪ್ಪ. ಅವರ ಬೆನ್ನಿಗೆ ಮುಖ್ಯಮಂತ್ರಿ ಕುಮಾರಸ್ವಾಮಿ, ಉಪಮುಖ್ಯಮಂತ್ರಿ ಯಡಿಯೂರಪ್ಪ, ದಳ, ಬಿಜೆಪಿ ಎರಡೂ ಪಕ್ಷಗಳ ದಂಡು. ಇಷ್ಟೆಲ್ಲ ಆಗಿಯೂ ಸಿದ್ದರಾಮಯ್ಯ ಗೆದ್ದರು. ಅಂತರ ಎಷ್ಟು? 257 ಮತ! ಒಂದು ಬೀದಿಯವರು ಮನಸ್ಸು ಬದಲಾಯಿಸಿದ್ದರೆ ಫಲಿತಾಂಶವೇ ಬೇರೆ. ಆ ಮನುಷ್ಯ ಮುಂದೆ ಎರಡು ಸಲ ಮುಖ್ಯಮಂತ್ರಿಯಾದರು, ಕಾಂಗ್ರೆಸ್ಸಿನಿಂದ.

ಇದೇ ಕ್ಷೇತ್ರದಲ್ಲಿ 2018ರಲ್ಲಿ ಅವರನ್ನು ಮೂವತ್ತಾರು ಸಾವಿರ ಮತಗಳಿಂದ ಸೋಲಿಸಿದ್ದು ಯಾರು? ದಳದ ಜಿ.ಟಿ. ದೇವೇಗೌಡರು, ಅಲ್ಲಿಯವರೇ. ಅವರೂ ಆಮೇಲೆ ಪಕ್ಷದ ಮೇಲೆ ಮುನಿಸಿಕೊಂಡರು. ನಾನು ಹೇಳುತ್ತಿರುವುದು ಇದನ್ನೇ ಸ್ವಾಮಿ! ಸ್ಥಳೀಯವಾಗಿ ಬೆಳೆದವರನ್ನು ಉಳಿಸಿಕೊಳ್ಳಿ.

ಗಾಜಿನಾಚೆಯಿಂದ ಸಮಯ ಆಯಿತು ಅಂತ ಕೈಸನ್ನೆ ಬರುತ್ತಿದೆ. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. 2004ರಲ್ಲಿ 58 ಇದ್ದ ಸ್ಥಾನ 2023ಕ್ಕೆ 19 ಆಯಿತು, ಅದರಲ್ಲೂ ಬಹುಪಾಲು ಹಳೇ ಮೈಸೂರು ಕಡೆಯವು. ಕುಮಾರಸ್ವಾಮಿಯವರ ಮಗ ನಿಖಿಲ್ ಅವರನ್ನು ಮಂಡ್ಯ, ರಾಮನಗರ, ಚನ್ನಪಟ್ಟಣ ಮೂರು ಕಡೆ ನಿಲ್ಲಿಸಿದರು, ಮೂರೂ ಕಡೆ ಸೋಲು. ಆ ಯುವಕನನ್ನು ದೂರಿ ಪ್ರಯೋಜನವಿಲ್ಲ. ಮನೆಯೊಳಗೇ ಹುಡುಕಿದರೆ ಹೊಸ ನಾಯಕತ್ವ ಹೇಗಾದೀತು? 2023ರಲ್ಲಿ ಬಿಜೆಪಿ ಜೊತೆ ಹೋದಾಗ ವಿರೋಧಿಸಿದ ರಾಜ್ಯಾಧ್ಯಕ್ಷ ಸಿ.ಎಂ. ಇಬ್ರಾಹಿಂ ಅವರನ್ನೂ ಕಳಿಸಿದರು. ಇನ್ನು ಅಲ್ಪಸಂಖ್ಯಾತರ ಮನೆ ಬಾಗಿಲಿಗೆ ಯಾರು ಹೋಗುತ್ತಾರೆ?

ಬೀದರ್‌ನಲ್ಲಿ, ವಿಜಯಪುರದಲ್ಲಿ, ಕರಾವಳಿಯಲ್ಲಿ ಪದ್ಮನಾಭನಗರದ ದೇವೇಗೌಡರ ಮನೆಗೆ ಫೋನ್ ಮಾಡದೆ ಟಿಕೆಟ್ ತೀರ್ಮಾನಿಸುವ ಒಬ್ಬೊಬ್ಬ ಜಿಲ್ಲಾಧ್ಯಕ್ಷ ಸಿಗಲಿ. ರಾಜ್ಯಾಧ್ಯಕ್ಷರು ಯಾರು ಅನ್ನುವ ಚರ್ಚೆ ಆಮೇಲೆ ಇಟ್ಟುಕೊಳ್ಳೋಣ. ನಮಸ್ಕಾರ.