ಜೋಗದ ನೀರು ಯಾಕೆ ಚೌಕ ಚೌಕ ಕಾಣ್ತಿದೆ?

ಹಾಂ, ಇದು ಜೋಗ. ಹೇಳೋದೇ ಬೇಡ, ಕಾಣ್ತಿದೆ. 253 ಮೀಟರ್ ಮೇಲಿಂದ ಶರಾವತಿ ಧುಮುಕ್ತಿದಾಳೆ, ನಾನು ಒದ್ದೆ ಚಪ್ಪಲೀಲಿ ನಿಂತಿದೀನಿ. ಈಗ ವಿಡಿಯೋ ಇಲ್ಲೇ ನಿಲ್ಲಿಸಿ ನೀರನ್ನ ನೋಡಿ. ನೀರಾ ಅದು? ಕೊಬ್ಬರಿ ಮಿಠಾಯಿ ತಟ್ಟೆಗೆ ಹೊಯ್ದು ಕತ್ತರಿಸಿಟ್ಟ ಹಾಗಿದೆ. ಭಾವ ಇದನ್ನ ನೋಡಿ ಫೋನ್ ಮಾಡಿ "ಆ ಕ್ಯಾಮೆರಾ ಮಾರ್ಬಿಡೋ" ಅಂದ್ರು.

ಕ್ಯಾಮೆರಾ ತಪ್ಪಲ್ಲ ಭಾವ. ವಿಡಿಯೋ ಕುಗ್ಗಿಸೋ ಎನ್ಕೋಡರ್ ಪ್ರತಿ ಫ್ರೇಮನ್ನೂ, ಅಂದ್ರೆ ಪ್ರತಿ ಬಿಡಿ ಚಿತ್ರವನ್ನೂ, ಹೊಸದಾಗಿ ಬರೆಯಲ್ಲ. ಏನೂ ಕುಗ್ಗಿಸದೆ ಹಾಗೇ ಬರೆದ್ರೆ ಫುಲ್ ಎಚ್‌ಡಿ ಒಂದು ನಿಮಿಷಕ್ಕೇ ಐದೂವರೆ ಜಿಬಿ ದಾಟತ್ತೆ. ಅದಕ್ಕೇ ಚಿತ್ರವನ್ನ ಚೌಕ ಮಾಡಿ, ಪ್ರತಿ ಚೌಕಕ್ಕೂ "ನೀನು ಹಿಂದಿನ ಫ್ರೇಮಲ್ಲಿ ಎಲ್ಲಿದ್ದೆ?" ಅಂತ ಹುಡುಕತ್ತೆ. ಸಿಕ್ರೆ ಎಷ್ಟು ಜರುಗಿದೆ ಅನ್ನೋ ಒಂದು ಬಾಣ, ಉಳಿದ ಚೂರುಪಾರು ವ್ಯತ್ಯಾಸ, ಇಷ್ಟೇ ಬರೆಯೋದು. ಆ ಬಾಣಕ್ಕೇ ಮೋಷನ್ ವೆಕ್ಟರ್ ಅಂತಾರೆ.

ಇದು ತಾಳಗುಪ್ಪ ದಾಟಿದ ಮೇಲೆ ಬಸ್ ಕಿಟಕಿಯಿಂದ ತೆಗೆದದ್ದು. ಅಡಿಕೆ ಮರ ಓಡ್ತಿವೆ, ಹಿಂದಿನ ಗುಡ್ಡ ನಿಧಾನ ಜರುಗ್ತಿದೆ. ಮರಕ್ಕೊಂದು ಬಾಣ, ಗುಡ್ಡಕ್ಕೊಂದು ಬಾಣ, ಮುಗೀತು. ನೋಡಿ ಎಷ್ಟು ಸ್ವಚ್ಛ ಇದೆ. ಆದ್ರೆ ಗುಡ್ಡ ಲೆಕ್ಕ ಹಾಕಿ ಪೂರ್ತಿ ಒಂದು ಪಿಕ್ಸೆಲ್ಲೇ ಜರುಗಬೇಕು ಅಂತ ಕಾನೂನಿದೆಯಾ? ಅರ್ಧ ಜರುಗಬಹುದು, ಕಾಲು ಜರುಗಬಹುದು. ವಿಡಿಯೋ ಕುಗ್ಗಿಸೋ ಪದ್ಧತಿಗಳಲ್ಲಿ ಹಳೇ ಎಚ್.261ಗೆ ಪೂರ್ತಿ ಪಿಕ್ಸೆಲ್ ಲೆಕ್ಕ ಮಾತ್ರ ಗೊತ್ತಿತ್ತು, ಎಂಪೆಗ್-1 ಅರ್ಧಕ್ಕೆ ಬಂತು, 2003ರ ಎಚ್.264 ಕಾಲಿಗೆ ಇಳೀತು. ಪಿಕ್ಸೆಲ್ಲಿನ ನಡುವೆ ಇಲ್ಲದ ಬೆಲೆಯನ್ನ ಅಕ್ಕಪಕ್ಕದವುಗಳಿಂದ ಲೆಕ್ಕ ಹಾಕಿ ತುಂಬೋದು. ಊಹೆ ಎಷ್ಟು ಸರಿ ಕೂತ್ರೆ ಬರೆಯೋಕೆ ಉಳಿಯೋ ವ್ಯತ್ಯಾಸ ಅಷ್ಟು ಕಮ್ಮಿ.

ವಾಪಸ್ ನೀರಿಗೆ. ನೀರು ಜರುಗೋದಲ್ಲ, ಒಡೆಯೋದು. ಈ ಕ್ಷಣ ಇದ್ದ ನೊರೆ ಮುಂದಿನ ಫ್ರೇಮಲ್ಲಿ ಇಲ್ಲವೇ ಇಲ್ಲ. ಎನ್ಕೋಡರ್ ಪಾಪ ಎಲ್ಲಿ ಹುಡುಕತ್ತೆ? ಸಿಗದೇ ಇದ್ದದ್ದನ್ನ ಹೊಸದಾಗಿ ಬರೀಬೇಕು, ಬರೆಯೋಕೆ ಬಿಟ್‌ರೇಟ್, ಅಂದ್ರೆ ಸೆಕೆಂಡಿಗೆ ಇಷ್ಟೇ ಅಂತ ಇಟ್ಟ ಡೇಟಾ, ಸಾಲಲ್ಲ, ಆಗ ಮಿಠಾಯಿ ಕತ್ತರಿಸತ್ತೆ.

ಅಯ್ಯೋ, ಈ ಕೆಂಪು ಕೊಡೆಯವರು. ಕಟ್ ಮಾಡೋಣ ಅಂತಿದ್ದೆ, ಆದ್ರೆ ಒಳ್ಳೇ ಪಾಠ ಇದೆ. ಕೊಡೆ ಸರಿದಾಗ ಹಿಂದಿನ ಬಂಡೆ ಕಾಣ್ತಲ್ಲ, ಅದು ಆಗಷ್ಟೇ ಹೋದ ಫ್ರೇಮಲ್ಲಿ ಇಲ್ಲ, ಕೊಡೆ ಅಡ್ಡ ಇತ್ತು. ಅದಕ್ಕೂ ಹಿಂದಿನ ಫ್ರೇಮಲ್ಲಿದೆ. ಮುಂದೆ ಬರೋ ಫ್ರೇಮಲ್ಲೂ ಇದೆ! ಎಚ್.264ರಲ್ಲಿ ಹೀಗೆ 16 ಫ್ರೇಮಿನವರೆಗೆ ನೆನಪಿಟ್ಟು ನೋಡಬಹುದು. ನಾನು ಬಳಸೋ ಎನ್ಕೋಡರ್ ಎಕ್ಸ್264 ಸುಮ್ನೆ ಬಿಟ್ರೆ 3 ನೋಡತ್ತೆ, 'ವೆರಿ ಸ್ಲೋ' ಅನ್ನೋ ಸೆಟ್ಟಿಂಗ್ ಹಾಕಿದ್ರೆ 16 ನೋಡತ್ತೆ. ಹುಡುಕಾಟವೂ ಜಾಸ್ತಿ. ಸುತ್ತ 16 ಪಿಕ್ಸೆಲ್ ಒಂದೂ ಬಿಡದೆ ನೋಡಿದ್ರೆ ಚೌಕಕ್ಕೆ 1,089 ಜಾಗ. ಫ್ರೇಮಲ್ಲಿ ಚೌಕ 8,160. ಸುಮಾರು 89 ಲಕ್ಷ ಹೋಲಿಕೆ, ಒಂದೇ ಫ್ರೇಮಿಗೆ! ಅಷ್ಟು ಸಾಮಾನ್ಯವಾಗಿ ಯಾರೂ ಮಾಡಲ್ಲ, ಷಟ್ಕೋನದ ಹಾಗೆ ಹೆಜ್ಜೆ ಹಾಕಿ ಅಂದಾಜಲ್ಲಿ ಹುಡುಕ್ತಾರೆ.

ನಾನೂ ವೆರಿ ಸ್ಲೋ ಹಾಕ್ದೆ, ರಾತ್ರಿ ಒಂಬತ್ತಕ್ಕೆ. ಅಲ್ಲೇ ಎಡವಿದ್ದು. ಹನ್ನೆರಡಕ್ಕೆ ಅಮ್ಮ ಎದ್ದು ಬಂದು "ಎಂತದೋ ಅದು, ಮಿಕ್ಸಿ ಆಫ್ ಮಾಡಿಲ್ವಾ?" ಅಂದ್ರು. ಲ್ಯಾಪ್‌ಟಾಪ್ ಫ್ಯಾನ್ ಅಮ್ಮಾ. ಬೆಳಗಿನ ಜಾವ ನಾಲ್ಕಕ್ಕೆ 97 ಪರ್ಸೆಂಟ್. ಕಣ್ಣಾರೆ ನೋಡಿದೀನಿ, ತೊಂಬತ್ತೇಳು. ಗಾಳಿ ಬೀಸ್ತು, ಎಲ್ಲೋ ಮರ ಬಿತ್ತು, ಕರೆಂಟ್ ಹೋಯ್ತು. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷ ಆಗಿದೆ, ಹೊಸದಕ್ಕೆ ಸಾಗರದಲ್ಲಿ 4,200 ಕೇಳಿದ್ರು, ದುಬಾರಿ ಅಂತ ಬಂದಿದ್ದೆ. ಬೆಳಿಗ್ಗೆ ನೋಡಿದ್ರೆ ಫೈಲ್ ಇದೆ, ಸೈಜ್ ಇದೆ, ತೆರೆಯಲ್ಲ! ಎಂಪಿ4ನಲ್ಲಿ ಯಾವ ಫ್ರೇಮ್ ಎಲ್ಲಿದೆ ಅನ್ನೋ ಸೂಚಿ ಸಾಮಾನ್ಯವಾಗಿ ಕೊನೇಲಿ ಬರೆಯೋದು. ನನ್ನದು ಕೊನೆ ಮುಟ್ಟಲೇ ಇಲ್ಲ. ಏಳು ಗಂಟೆ ನೀರಲ್ಲಿ ಹೋಮ. ಎಂಕೆವಿ ಅನ್ನೋ ಇನ್ನೊಂದು ಥರದ ಫೈಲಿಗೆ ಬರೆದು ಆಮೇಲೆ ಡಬ್ಬಿ ಮಾತ್ರ ಎಂಪಿ4ಗೆ ಬದಲಿಸಿದ್ರೆ ಇಷ್ಟು ಗೋಳಿರ್ತಿರಲಿಲ್ಲ.

ನಗು ಬರೋ ವಿಷಯ ಅಂದ್ರೆ, ನಾವು ಏನೇ ಅಪ್‌ಲೋಡ್ ಮಾಡಿದ್ರೂ ವಿಡಿಯೋ ಸೈಟಿನವರು ಅವರ ಲೆಕ್ಕಕ್ಕೆ ಮತ್ತೆ ಎನ್ಕೋಡ್ ಮಾಡ್ತಾರೆ. ನನ್ನ ರಾತ್ರಿಯ ತಪಸ್ಸು ನಿಮ್ಮ ಮೊಬೈಲ್ ತನಕ ಬರೋದೇ ಇಲ್ಲ. ಹಾಗಾಗಿ ವೆರಿ ಸ್ಲೋ ದಂಡ. ಮನೇಲಿ ಇಟ್ಕೊಳ್ಳೋ ಪ್ರತಿಗೆ ಪರವಾಗಿಲ್ಲ. ಅಲ್ಲ, ಅದಕ್ಕೂ 'ಸ್ಲೋ' ಸಾಕು. ಟ್ರೈಪಾಡ್ ಸೋಮಾರಿಗಳಿಗೆ ಅಂತ ಹೋದ ಸಲ ಹೇಳಿದ್ದೆ, ಅದೂ ವಾಪಸ್. ಕೈ ನಡುಗದೇ ಇದ್ರೆ ಬಂಡೆ, ಕಾಡು, ಕಂಬಿಗೆ ಬಿಟ್ ಖರ್ಚೇ ಇಲ್ಲ, ಉಳಿದದ್ದೆಲ್ಲ ನೀರಿಗೆ.

ಕುಗ್ಗಿಸಿದ ವಿಡಿಯೋ ಬಿಚ್ಚಿ ತೋರಿಸೋ ಡಿಕೋಡರ್ ಬಗ್ಗೆ ಹೇಳೋದು ಮರೆತೆ. ನಿಮ್ಮ ಮೊಬೈಲಿಗೆ ಈ ಹುಡುಕಾಟದ ತಲೆನೋವಿಲ್ಲ, ಬಾಣ ತೋರಿಸಿದ ಕಡೆಯಿಂದ ತಂದು ಅಂಟಿಸತ್ತೆ ಅಷ್ಟೆ. 2020ರಲ್ಲಿ ಬಂದ ವಿವಿಸಿ ಅನ್ನೋ ಹೊಸ ಪದ್ಧತಿಯಲ್ಲಿ ಮಾತ್ರ ಕೆಲವು ಕಡೆ ಡಿಕೋಡರೇ ಆ ಬಾಣವನ್ನ ಒಂಚೂರು ತಿದ್ಕೊಳ್ಳತ್ತೆ. ತಿರುಗೋದು, ಹಿಗ್ಗೋದು ಕೂಡ ಅದಕ್ಕೆ ಅರ್ಥ ಆಗತ್ತೆ, ಡ್ರೋನ್ ಶಾಟ್‌ಗೆ ಒಳ್ಳೇದು, ನನ್ನ ಹತ್ರ ಡ್ರೋನ್...

ಮಂಜು ಬಂತು, ರಾಣಿ ಮಾಯ, ರಾಜನೂ ಮಾಯ. ಬಸ್ ಹಾರ್ನ್ ಹೊಡೀತಿದೆ, ಬರ್ತೀನಿ.