ಹಸಿರು ಚುಕ್ಕೆಗೆ ಚಿನ್ನದ ಬಣ್ಣ ಹಾಕಿಸಿದ್ದೆ

ಎಲ್ಲರಿಗೂ ನಮಸ್ಕಾರ, ಮಂಡ್ಯದ ನಮ್ಮ ಅಡುಗೆಮನೆಯಿಂದ. ಹಿಂದೆ ಬೆಲ್ಲ ಕರಗಿಸುತ್ತಿರುವವರು ನಮ್ಮತ್ತೆ. ಕಡಲೆಬೀಜ ಹುರಿಯೋದು, ಸಿಪ್ಪೆ ಕೇರೋದು ಎಲ್ಲ ನಿಮಗೆ ಕಾಣುತ್ತಿದೆ, ನಾನು ಹೇಳಬೇಕಾಗಿಲ್ಲ. ಇವತ್ತು ಈ ಪೌಚಿನ ಬಗ್ಗೆ ಮಾತಾಡಬೇಕು.

ನೋಡಿ, ನಮ್ಮ ಕಡಲೆಮಿಠಾಯಿಯ 200 ಗ್ರಾಂ ಪೌಚು. ಬೆಲ್ಲದ ಬಣ್ಣ, ಮೇಲೆ ಚಿನ್ನದ ಬಣ್ಣದ ಅಕ್ಷರ. ಪ್ರಿಂಟಾಗಿ ಬಂದ ದಿನ ಮನೆಯವರಿಗೆಲ್ಲ ತೋರಿಸಿಕೊಂಡು ಓಡಾಡಿದ್ದೆ. ಈಗ ಈ ಮೂಲೆಗೆ ಕ್ಯಾಮೆರಾ ತರುತ್ತೇನೆ. ಚೌಕದೊಳಗೆ ಒಂದು ಚುಕ್ಕೆ ಇದೆ, ಅಲ್ವಾ? ಸಸ್ಯಾಹಾರದ ಗುರುತು. ಅದೂ ಚಿನ್ನದ ಬಣ್ಣ! ಡಿಸೈನ್ ಮಾಡಿಕೊಟ್ಟ ಹುಡುಗ "ಅಕ್ಕ, ಹಸಿರು ಹಾಕಿದರೆ ಎದ್ದು ಕಾಣುತ್ತೆ, ಮ್ಯಾಚ್ ಆಗಲ್ಲ" ಅಂದ. ನಾನೂ ಹೂಂ ಅಂದೆ. ಎದ್ದು ಕಾಣಲಿ ಅಂತಲೇ ಅದನ್ನು ಹಾಕೋದು, ಆಗ ಹೊಳೆಯಲಿಲ್ಲ.

ಒಂದು ಪೌಚಿಗೆ ಏಳೂವರೆ ರೂಪಾಯಿ. ಸಾವಿರ ಪೌಚು. 7,500 ರೂಪಾಯಿ. ಎಷ್ಟು ಕೆಜಿ ಮಿಠಾಯಿ ಮಾರಿದರೆ ಆ ದುಡ್ಡು ವಾಪಸ್ ಬರುತ್ತದೆ ಅಂತ ಲೆಕ್ಕ ಹಾಕಿದ ರಾತ್ರಿ ನಿದ್ದೆ ಬರಲಿಲ್ಲ.

ತಪ್ಪು ಗೊತ್ತಾಗಿದ್ದು ನೂರಡಿ ರಸ್ತೆಯ ಒಂದು ಅಂಗಡಿಯಲ್ಲಿ. ಇಪ್ಪತ್ತು ಪ್ಯಾಕೆಟ್ ಕೊಟ್ಟು ಅಲ್ಲೇ ನಿಂತಿದ್ದೆ. ಒಬ್ಬರು ಅಜ್ಜಿ ಬಂದರು. ಪ್ಯಾಕೆಟ್ ಎತ್ತಿದರು, ಕನ್ನಡಕ ಹಣೆಗೇರಿಸಿ ಕಣ್ಣ ಹತ್ತಿರ ತಂದರು, ತಿರುಗಿಸಿದರು, ಮತ್ತೆ ತಿರುಗಿಸಿದರು. "ಹಸಿರು ಚುಕ್ಕೆನೇ ಇಲ್ವಲ್ಲಪ್ಪ" ಅಂತ ಅಂಗಡಿಯವರಿಗೆ ಹೇಳಿ ಕೆಳಗಿಟ್ಟರು. "ಬರೀ ಕಡಲೆಬೀಜ, ಬೆಲ್ಲ ಅಜ್ಜಿ" ಅಂದೆ. "ಇರಬಹುದು ಮಗ, ನನಗೆ ಹೆಂಗೆ ಗೊತ್ತಾಗಬೇಕು?" ಅಂದರು. ಹಿಂದಿನ ಪಟ್ಟಿ ಪೂರ್ತಿ ಇಂಗ್ಲಿಷಿನಲ್ಲಿತ್ತು. ಅವರಿಗೆ ಓದೋಕೆ ನಾನು ಏನು ಇಟ್ಟಿದ್ದೆ ಹೇಳಿ?

ಮನೆಗೆ ಬಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮ ತೆಗೆದು ಕೂತೆ. ಚುಕ್ಕೆಯೂ ಹಸಿರು, ಸುತ್ತಲಿನ ಚೌಕದ ಗೆರೆಯೂ ಹಸಿರೇ ಇರಬೇಕು. ಹಿಂದಿನ ಬಣ್ಣಕ್ಕೂ ಅದಕ್ಕೂ ವ್ಯತ್ಯಾಸ ಕಾಣಬೇಕು. ಹೆಸರಿನ ಹತ್ತಿರವೇ ಇರಬೇಕು. ನಮ್ಮ ಪೌಚಿನ ಮುಂಭಾಗ 14 ಸೆಂಟಿಮೀಟರ್ ಅಗಲ, 20 ಎತ್ತರ, ಅಂದರೆ 280 ಚದರ ಸೆಂಟಿಮೀಟರ್. ಅಷ್ಟಕ್ಕೆ ಚುಕ್ಕೆ ಕನಿಷ್ಠ 4 ಮಿಲಿಮೀಟರ್, ಚೌಕ 8. ಸ್ಕೇಲ್ ಇಟ್ಟು ನೋಡಿದೆ, ಅಳತೆ ಸರಿಯಾಗೇ ಇತ್ತು. ಬಣ್ಣ ಒಂದೇ ಕೆಟ್ಟಿದ್ದು!

ಸ್ಟಿಕ್ಕರ್ ಅಂಟಿಸಿ ಅಂತ ತುಂಬ ಜನ ಹೇಳಿದ್ದಿರಿ. ಅಂಟಿಸಿದೆ, ಉಗುರು ತಾಗಿದರೆ ಎದ್ದು ಬರುತ್ತೆ. ಬೇಡವೇ ಬೇಡ. ಹೊಸದಾಗಿ ಪ್ರಿಂಟ್ ಮಾಡಿಸುತ್ತಿದ್ದೇನೆ.

ಹೋದ ವಿಡಿಯೋದಲ್ಲಿ ಕಂದು ಕಾಗದದ ಪೌಚೇ ಬೆಸ್ಟ್ ಅಂದಿದ್ದೆ ಅಲ್ವಾ? ಆ ಮಾತು ವಾಪಸ್. ಬೆಲ್ಲ ಗಾಳಿಯಲ್ಲಿರುವ ತೇವ ಎಳೆದುಕೊಳ್ಳುತ್ತದೆ, ಮಳೆಗಾಲದಲ್ಲಿ ಒಂದೇ ವಾರಕ್ಕೆ ಮಿಠಾಯಿ ಜಿಗುಟಾಯಿತು. ಆದರೆ ಕೈಗೆ ಸಿಕ್ಕಾಗ ಆ ಕಾಗದದ ಚೆಂದವೇ ಬೇರೆ. ಒಳಗೆ ತೇವ ತಡೆಯುವ ಪದರ ಇರುವಂಥದ್ದು ಸಿಕ್ಕರೆ ಮತ್ತೆ ಅದಕ್ಕೇ ಹೋಗುತ್ತೇನೆ. ಮೊನ್ನೆ ಪ್ರಿಂಟರ್ ಹತ್ತಿರ ಮೈಸೂರಿಗೆ ಹೋದಾಗ ಸಿಎಫ್‌ಟಿಆರ್‌ಐ, ಅದೇ ಆಹಾರ ತಂತ್ರಜ್ಞಾನದ ಸಂಶೋಧನಾ ಸಂಸ್ಥೆ, ಅದರ ಮುಂದೆ ಹಾದುಹೋದೆ. 1950ರಿಂದ ಆ ಚೆಲುವಾಂಬ ಮಹಲಿನಲ್ಲಿದೆ. ಆಹಾರದ ಪ್ಯಾಕಿಂಗ್‌ಗೇ ಅಂತ ಅಲ್ಲೊಂದು ವಿಭಾಗ ಇದೆ, ಹೋಗಿ ಕೇಳಬೇಕು. ಚಿಕ್ಕವಳಿದ್ದಾಗ ಕಮರ್‌ಕಟ್ಟು ಗಾಜಿನ ಬಾಟಲಿಯಲ್ಲಿ ಇರುತ್ತಿತ್ತು, ಮುಚ್ಚಳ ಬಿಗಿಯಾಗಿದ್ದರೆ ಸಾಕು, ಗಟ್ಟಿಯಾಗೇ ಇರೋದು...

ಅಯ್ಯೋ, ಪಾಕ ಕುದಿಯುತ್ತಿದೆ, ಬೇಗ ಹೇಳಿಬಿಡುತ್ತೇನೆ. ಹೊಸ ಡಿಸೈನ್ ಇದು. ಹಸಿರು ಗುರುತಿನ ಹಿಂದೆ ಬಿಳಿ ಜಾಗ. ಹೆಸರು ಕನ್ನಡದಲ್ಲಿ ದೊಡ್ಡದಾಗಿ. ನಿಯಮ ಕೇಳೋದು ಇಂಗ್ಲಿಷ್ ಅಥವಾ ಹಿಂದಿ, ಅದರ ಜೊತೆ ಕನ್ನಡ ಹಾಕೋಕೆ ಅಡ್ಡಿಯಿಲ್ಲ. ಹಾಕಲೇಬೇಕು ಅನ್ನೋದು ನನ್ನ ಹಟ. ಕಡಲೆಬೀಜ ಅಲರ್ಜಿ ಇರುವವರಿಗೆ ಬೇರೆಯಾಗಿ ಒಂದು ಸಾಲು. ಬೆಲೆ 90, ಪಕ್ಕದಲ್ಲೇ ಗ್ರಾಮಿಗೆ 45 ಪೈಸೆ. ತಾರೀಖು ಹೊಡೆಯುವ ಜಾಗವೂ ಈಗ ಬಿಳಿ, ಮೊದಲು ಕಂದು ಬಣ್ಣದ ಮೇಲೆ ಕಪ್ಪು ಶಾಯಿ ಕಾಣುತ್ತಲೇ ಇರಲಿಲ್ಲ.

ಆ ಅಜ್ಜಿ ಸೋಮವಾರ ಸೋಮವಾರ ಅಂಗಡಿಗೆ ಬರುತ್ತಾರಂತೆ. ಹೊಸ ಪೌಚು ಬಂದ ಮೇಲೆ ನಾನೂ ಹೋಗಿ ನಿಲ್ಲುತ್ತೇನೆ. ಬಂದೆ ಅತ್ತೆ! ನೀರಿಗೆ ಹಾಕಿದ ಪಾಕ ಟಣ್ ಅನ್ನುತ್ತಿದೆ, ತಟ್ಟೆಗೆ ಸುರಿಯೋಕೆ ಎರಡೂ ಕೈ ಬೇಕು, ಕ್ಯಾಮೆರಾ ಇಡುತ್ತೇನೆ.